ದಂಡಿನ ಮಾತೆ, ಪ್ಲೇಗಿನ ಹರಕೆ

ಆಗಸ್ಟ್ 29ರಂದು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದ ಅಂಗಳದಲ್ಲಿ ಬಾವುಟ ಏರಿತೆಂದರೆ ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಜಾತ್ರೆ ಶುರುವಾಯಿತೆಂದೇ ಲೆಕ್ಕ. ಅಲ್ಲಿಂದ ಸೆಪ್ಟೆಂಬರ್ 8ರವರೆಗೆ ಕಮ್ಮನಹಳ್ಳಿ, ಲಿಂಗರಾಜಪುರ, ಕುಕ್ ಟೌನ್, ಹಲಸೂರು ಕಡೆಯ ಬೀದಿಗಳಲ್ಲಿ ಕಾವಿ ಸೀರೆ, ಕಾವಿ ಅಂಗಿ ತೊಟ್ಟವರು ಕಾಣಸಿಗುತ್ತಾರೆ. ಕೆಲವರು ಬರಿಗಾಲಲ್ಲೇ ನಡೆಯುತ್ತಾರೆ. ಎಲ್ಲರೂ ಕ್ರೈಸ್ತರೇನಲ್ಲ. ಹರಕೆ ಹೊತ್ತ ಹಿಂದೂಗಳು, ಕೂಸನ್ನು ಕಂಕುಳಲ್ಲಿಟ್ಟುಕೊಂಡ ಮುಸ್ಲಿಂ ತಾಯಂದಿರು ಕೂಡ ಅದೇ ಸಾಲಿನಲ್ಲಿ ಮೇಣದಬತ್ತಿ ಹಿಡಿದು ನಿಂತಿರುತ್ತಾರೆ.

ಈ ಜಾತ್ರೆಗೆ ಇಷ್ಟು ಜನ ಸೇರುವುದು ಯಾವಾಗಿನಿಂದ ಎಂದು ಕೇಳಿದರೆ ಹಿರಿಯರು ಕೊಡುವ ಉತ್ತರ ಹೆಚ್ಚುಕಮ್ಮಿ ಒಂದೇ. ಹಿಂದೊಮ್ಮೆ ಊರಿಗೆ ಪ್ಲೇಗು ಬಡಿಯಿತು. ಮನೆಮನೆಯಲ್ಲಿ ಹೆಣ ಬಿತ್ತು. ದಿಕ್ಕು ತೋಚದ ಜನ ಮಾತೆ ಮರಿಯಮ್ಮನ ಮುಂದೆ ಒಂಬತ್ತು ದಿನ ಪ್ರಾರ್ಥನೆಗೆ ಕೂತರು, ಹರಕೆ ಹೊತ್ತರು. ರೋಗ ಇಳಿಯಿತು. ಅಂದಿನಿಂದ ಆಕೆ ಇಲ್ಲಿಗೆ ಆರೋಗ್ಯ ಮಾತೆ.

ಕಥೆ ಚೆನ್ನಾಗಿದೆ. ಆದರೆ ಇಸವಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅದು ಅಷ್ಟು ಸರಳವಾಗಿ ಕೂರುವುದಿಲ್ಲ.

ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ. ಆ ಹೊತ್ತಿಗೆ ಈಗಿನ ಚರ್ಚಿನ ಗೋಪುರ ಎದ್ದು ಹದಿನಾರು ವರ್ಷವಾಗಿತ್ತು. ಅದೇ ಜಾಗದಲ್ಲಿ ಮಾತೆಯ ಪೂಜೆ ನಡೆಯುತ್ತಿದ್ದದ್ದು ಅದಕ್ಕೂ ಬಹಳ ಹಿಂದಿನಿಂದ. ಸೆಂಜಿ ಕಡೆಯಿಂದ ಬಂದು ನೆಲೆಸಿದ ತಮಿಳು ಕ್ರೈಸ್ತರು ಇಲ್ಲಿ ಹುಲ್ಲು ಹೊದಿಸಿದ ಒಂದು ಸಣ್ಣ ಗುಡಿ ಕಟ್ಟಿಕೊಂಡಿದ್ದರು, ಅದನ್ನು ಕಾಣಿಕೆ ಮಾತೆಯ ಗುಡಿ ಎನ್ನುತ್ತಿದ್ದರು ಎಂಬುದು ಚರ್ಚಿನ ಸಂಪ್ರದಾಯ. ಆಗ ಈ ಊರಿನ ಹೆಸರು ಬಿಳಿಅಕ್ಕಿಹಳ್ಳಿ. ದಂಡಿನವರ ಬಾಯಲ್ಲಿ ಅದು ಬ್ಲ್ಯಾಕ್‌ಪಲ್ಲಿಯಾಯಿತು ಎನ್ನುತ್ತಾರೆ. ಶಿವಾಜಿನಗರ ಎಂಬುದು ತೀರ ಈಚಿನ ಮಾತು.

ಗುಡಿಗೆ ಗಟ್ಟಿ ಗೋಡೆ ಬಂದದ್ದು ಒಬ್ಬ ವಿಚಿತ್ರ ಪಾದ್ರಿಯಿಂದ. ಆತ ಅಬ್ಬೆ ದ್ಯುಬುವಾ. 1765ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಅಲ್ಲಿ ಕ್ರಾಂತಿ ಭುಗಿಲೆದ್ದ ಕಾಲದಲ್ಲಿ ಪುದುಚೇರಿಗೆ ಬಂದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರಿಗೆ ಬಂದ. ಇಲ್ಲಿನವರಂತೆಯೇ ಉಟ್ಟ, ಮಾಂಸ ಬಿಟ್ಟ. ಜನ ಅವನನ್ನು ದೊಡ್ಡಸ್ವಾಮಿಗಳು ಎಂದು ಕರೆದರು. ಈ ದೇಶದ ಆಚಾರ ವಿಚಾರಗಳ ಬಗ್ಗೆ ಆತ ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ಸ್ಟಾರ್ ಪಗೋಡಕ್ಕೆ ಕೊಂಡಿತು. ಇಂದಿಗೂ ಇತಿಹಾಸಕಾರರು ಆ ಪುಸ್ತಕದ ಜತೆ ಜಗಳ ಕಾಯುತ್ತಲೇ ಇದ್ದಾರೆ, ಓದುತ್ತಲೂ ಇದ್ದಾರೆ. ಬ್ಲ್ಯಾಕ್‌ಪಲ್ಲಿಯಲ್ಲಿ ಆತ ಪೂಜೆ ಅರ್ಪಿಸಿದ್ದು 1803ರಲ್ಲಿ. 1811ರಲ್ಲಿ ಒಂದು ಪುಟ್ಟ ಚರ್ಚು, ಪಕ್ಕದಲ್ಲಿ ಪಾದ್ರಿಗೆ ಒಂದು ಮನೆ ಕಟ್ಟಿಸಿದ.

ಪ್ಲೇಗಿನ ಕಥೆಗೆ ಈ ದ್ಯುಬುವಾ ಯಾಕೆ ಬೇಕು? ಯಾಕೆಂದರೆ ಈತ ಬರೀ ಜಪಮಾಲೆಯ ಪಾದ್ರಿಯಲ್ಲ, ದೇವಿ ಹಾಕುವ ಪಾದ್ರಿ. ಸಿಡುಬಿಗೆ ಜೆನ್ನರ್ ಕಂಡುಹಿಡಿದ ಲಸಿಕೆ ಭಾರತಕ್ಕೆ, ಅಂದರೆ ಮುಂಬೈಗೆ, ಮುಟ್ಟಿದ್ದು 1802ರ ಜೂನ್‌ನಲ್ಲಿ. ಮರುವರ್ಷವೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದ್ಯುಬುವಾ ಆ ಕೆಲಸಕ್ಕೆ ಇಳಿದಿದ್ದ. 1803–04ರಲ್ಲಿ ಆತನ ಉಸ್ತುವಾರಿಯಲ್ಲಿ 25,432 ಮಂದಿಗೆ ದೇವಿ ಹಾಕಿದ್ದು ಸರ್ಕಾರಿ ದಾಖಲೆಯಲ್ಲಿದೆ. ಆಕಳ ಮೈಯ ಕೀವನ್ನು ಮನುಷ್ಯನ ತೋಳಿಗೆ ಹಚ್ಚುವ ವಿದ್ಯೆಗೆ ಹಳ್ಳಿಯ ಜನರನ್ನು ಒಪ್ಪಿಸುವುದು ಎಂಥ ಕೆಲಸವೆಂದು ಊಹಿಸಬಹುದು. ಅದೇ ಹೊತ್ತಿನಲ್ಲಿ ಮೈಸೂರು ಅರಮನೆಯ ಹೆಂಗಸರೂ ಲಸಿಕೆಗೆ ತೋಳೊಡ್ಡಿದರು. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಅರಮನೆಯ ಮೂವರು ಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆಯ ಗುರುತು ಎಂದು ಕೆಲವು ವಿದ್ವಾಂಸರು ಓದಿದ್ದಾರೆ. ಅಂತೂ ಮುಂದೆ ರೋಗ ಕಳೆಯುವ ತಾಯಿಯೆಂದು ಹೆಸರಾದ ಈ ಗುಡಿಯ ಮೊದಲ ಗಟ್ಟಿ ಗೋಡೆಯನ್ನು ಎಬ್ಬಿಸಿದವನು ಲಸಿಕೆಯ ಮನುಷ್ಯ. ಪವಾಡದ ಕಥೆ ಹೇಳುವವರು ಇದನ್ನು ಹೇಳುವುದು ಕಡಿಮೆ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ದಂಡು ನೆಲೆಯೂರಿದ್ದು 1809ರ ಆಸುಪಾಸು. ಅದರ ಹಿಂದೆಯೇ ಸಿಪಾಯಿಗಳು, ಬಟ್ಲರುಗಳು, ಕುದುರೆ ನೋಡಿಕೊಳ್ಳುವವರು, ದರ್ಜಿಗಳು, ದಿನಸಿ ವ್ಯಾಪಾರಿಗಳು ಬಂದು ಬ್ಲ್ಯಾಕ್‌ಪಲ್ಲಿ ತುಂಬಿತು. 1813ರಲ್ಲಿ ಪುದುಚೇರಿಯ ಪಾದ್ರಿ ಆಂಡ್ರಿಯಾಸ್ ಚರ್ಚನ್ನು ಶಿಲುಬೆಯಾಕಾರಕ್ಕೆ ಹಿಗ್ಗಿಸಿದರು. 1832ರಲ್ಲಿ ಊರಿನಲ್ಲಿ ಗಲಭೆಯಾದಾಗ ಅದಕ್ಕೆ ಸೈನಿಕರ ಕಾವಲು ಹಾಕಬೇಕಾಯಿತು. ಹಳೆಯ ಕಟ್ಟಡ ಸಾಲದಾದಾಗ ಫಾದರ್ ಕ್ಲೈನರ್ 1875ರಲ್ಲಿ ಈಗಿನ ಗಾಥಿಕ್ ಚರ್ಚಿನ ಕೆಲಸ ಹಿಡಿದರು. ಮೊನೆ ಕಮಾನು, ಬಣ್ಣದ ಗಾಜಿನ ಕಿಟಕಿ, 160 ಅಡಿಯ ಗೋಪುರ. ಅದು ಪ್ರತಿಷ್ಠೆಯಾದ ದಿನ 1882ರ ಸೆಪ್ಟೆಂಬರ್ 8.

ಆ ತಾರೀಖನ್ನು ಗಮನಿಸಬೇಕು. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ತಮಿಳುನಾಡಿನ ಕರಾವಳಿಯ ವೇಳಾಂಕಣಿಯಲ್ಲಿ ಆರೋಗ್ಯ ಮಾತೆಯ ಹಬ್ಬದ ಕೊನೆಯ ದಿನವೂ ಅದೇ, ಬಾವುಟ ಏರುವುದೂ ಆಗಸ್ಟ್ 29ಕ್ಕೇ. ಅಂದರೆ ಹಬ್ಬದ ದಿನ ಪ್ಲೇಗಿಗಿಂತ ಮೊದಲೇ ಇಲ್ಲಿ ಬೇರೂರಿತ್ತು. ತಮಿಳುನಾಡಿನ ಕಡೆಯಿಂದ ಬಂದ ಜನ ತಮ್ಮ ತಾಯಿಯನ್ನೂ ಅವಳ ಪಂಚಾಂಗವನ್ನೂ ಜತೆಗೇ ತಂದಿದ್ದರು. ಪ್ಲೇಗು ಹುಟ್ಟುಹಾಕಿದ್ದು ಗುಡಿಯನ್ನಲ್ಲ, ಗುಡಿಯ ಮುಂದಿನ ಜನಸಾಗರವನ್ನು.

ಆ ಪ್ಲೇಗು ಬಂದ ದಾರಿ ಮೊದಲು ಹಡಗಿನದು, ಆಮೇಲೆ ರೈಲಿನದು. 1894ರಲ್ಲಿ ಹಾಂಗ್‌ಕಾಂಗ್, 1896ರ ಸೆಪ್ಟೆಂಬರಿನಲ್ಲಿ ಮುಂಬೈ, ಆಮೇಲೆ ಪುಣೆ. ಪುಣೆಯಲ್ಲಿ ಮನೆಮನೆಗೆ ನುಗ್ಗಿದ ಸೋಲ್ಜರುಗಳ ಮೇಲಿನ ಸಿಟ್ಟು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡಾಗಿ ಹಾರಿತು. ಅಲ್ಲಿಂದ ಹುಬ್ಬಳ್ಳಿ, ಧಾರವಾಡ. ಸದರ್ನ್ ಮರಾಠಾ ರೈಲ್ವೆಯ ಹಳಿ ಹುಬ್ಬಳ್ಳಿಯನ್ನು ಬೆಂಗಳೂರಿಗೆ ಜೋಡಿಸಿತ್ತು. 1898ರ ಆಗಸ್ಟ್ ನಡುವಿನ ಹೊತ್ತಿಗೆ ಬೆಂಗಳೂರಿನ ರೈಲು ನಿಲ್ದಾಣದ ಸುತ್ತ ಮೊದಲ ರೋಗಿಗಳು ಸಿಕ್ಕರು. ಕೆಲವೇ ದಿನಗಳಲ್ಲಿ ರೋಗ ಪೇಟೆಗೂ ದಂಡಿಗೂ ಹೊಕ್ಕಿತು.

ಆಗ ಬೆಂಗಳೂರು ಒಂದೇ ಊರಲ್ಲ, ಎರಡು. ಪಡುವಣ ಕಡೆಯ ಪೇಟೆ ಮೈಸೂರು ಮಹಾರಾಜರ ಸರ್ಕಾರದ್ದು, ಮೂಡಣ ಕಡೆಯ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷ್ ರೆಸಿಡೆಂಟರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಕಾನೂನು, ಬೇರೆ ಪೊಲೀಸರು. ಇಲಿಗೆ ಮಾತ್ರ ಗಡಿಯ ಗೊಡವೆ ಇರಲಿಲ್ಲ. ಸುದ್ದಿ ಬೇಗ ಮುಟ್ಟಲಿ ಎಂದು ಪ್ಲೇಗ್ ಕಚೇರಿಗಳ ನಡುವೆ ಟೆಲಿಫೋನ್ ತಂತಿ ಎಳೆದದ್ದು ಆಗಲೇ. ಮೈಸೂರು ಸಂಸ್ಥಾನದಲ್ಲಿ ಪ್ಲೇಗ್ ಕಮಿಷನರಾಗಿ ನಿಂತವರು ವಿ. ಪಿ. ಮಾಧವರಾವ್, ಮುಂದೆ 1906ರಲ್ಲಿ ದಿವಾನರಾದವರು.

ಜನರ ಕಣ್ಣಿಗೆ ಪ್ಲೇಗು ಎಂದರೆ ಮೊದಲು ಇಲಿ. ಅಟ್ಟದಿಂದ ಇಲಿ ಉದುರಿ ಬಿತ್ತೆಂದರೆ ಮನೆ ಬಿಡಬೇಕು. ಆಮೇಲೆ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ನಾಲ್ಕೈದು ದಿನದಲ್ಲಿ ಹೆಣ. ಊರ ಹೊರಗಿನ ಹೊಲಗಳಲ್ಲಿ ತಗಡಿನ, ಚಾಪೆಯ ಶೆಡ್ಡುಗಳು ಎದ್ದವು. ಕನ್ನಡದ ಓದುಗರಿಗೆ ಈ ಚಿತ್ರ ಹೊಸದಲ್ಲ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಅಗ್ರಹಾರದಲ್ಲಿ ಮನುಷ್ಯರ ಜತೆಗೆ ಇಲಿಗಳೂ ಸತ್ತು ಬೀಳುತ್ತವೆ. ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸುವುದು ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡುಕೊಂಡದ್ದು ಅದೇ 1898ರಲ್ಲಿ. ಆದರೆ ವೈದ್ಯರ ಲೋಕ ಅದನ್ನು ಒಪ್ಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಹಾಗಾಗಿ ಬೆಂಗಳೂರಿನಲ್ಲಿ ಸರ್ಕಾರ ಮಾಡಿದ್ದೆಲ್ಲ ಒಂದು ಬಗೆಯ ಕತ್ತಲ ಹೊಡೆತ: ಹೆಂಚು ತೆಗೆಸು, ಸುಣ್ಣ ಬಳಿ, ಬಟ್ಟೆ ಸುಡು, ರೋಗಿಯನ್ನು ಎತ್ತಿ ಕ್ಯಾಂಪಿಗೆ ಸಾಗಿಸು, ಮನೆಯವರನ್ನು ಬೇರೆ ಕ್ಯಾಂಪಿಗೆ ಅಟ್ಟು.

ವಿಜ್ಞಾನಿ ಹಾಫ್ಕಿನ್ ಸಿದ್ಧಪಡಿಸಿದ ಪ್ಲೇಗ್ ಲಸಿಕೆ ಇತ್ತು. ಅದನ್ನು ಆತ ಮುಂಬೈಯಲ್ಲಿ 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಹುಬ್ಬಳ್ಳಿಯಲ್ಲಿ 1898ರಲ್ಲಿ ಸಾವಿರ ಸಾವಿರ ಜನ ಅದನ್ನು ಹಾಕಿಸಿಕೊಂಡರು. ಲಸಿಕೆ ಫಲಿಸುತ್ತದೆ ಎಂಬುದಕ್ಕೆ ಆ ಊರಿನ ಅಂಕಿಅಂಶವೇ ದೊಡ್ಡ ಸಾಕ್ಷಿಯಾಯಿತು. ಆದರೆ ಜ್ವರ ಬರಿಸುವ ಸೂಜಿಗೆ ಹೆದರಿದವರೂ ಕಡಿಮೆಯಿರಲಿಲ್ಲ. ಸೂಜಿಗಿಂತ ಕ್ಯಾಂಪಿಗೆ ಹೆದರಿದವರು ಇನ್ನೂ ಹೆಚ್ಚು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು.

ಸತ್ತವರ ಲೆಕ್ಕ ಎಂದೂ ಪೂರ್ತಿ ಸಿಗುವುದಿಲ್ಲ. ಕ್ಯಾಂಪಿನ ಭಯಕ್ಕೆ ಹೆಣ ಬಚ್ಚಿಟ್ಟವರಿದ್ದರು, ಊರು ಬಿಟ್ಟು ದಾರಿಯಲ್ಲಿ ಸತ್ತವರಿದ್ದರು. ಜನಗಣತಿ ಮಾತ್ರ ಸುಳ್ಳು ಹೇಳುವುದಿಲ್ಲ. 1891ರಲ್ಲಿ ಪೇಟೆ ಮತ್ತು ದಂಡು ಸೇರಿ 1,80,366 ಜನ. ಹತ್ತು ವರ್ಷದ ಮೇಲೆ 1,59,046. ದಂಡಿನದೇ ಲೆಕ್ಕ ಹಿಡಿದರೆ 1,00,081 ಇದ್ದದ್ದು 89,599ಕ್ಕೆ ಇಳಿದಿತ್ತು. ಸತ್ತವರ ಜತೆ ಓಡಿಹೋದವರೂ ಈ ಕೊರತೆಯಲ್ಲಿದ್ದಾರೆ. ಬೆಳೆಯುತ್ತಲೇ ಇದ್ದ ಊರೊಂದು ಹತ್ತು ವರ್ಷದಲ್ಲಿ ಇಪ್ಪತ್ತೊಂದು ಸಾವಿರ ಜನರನ್ನು ಕಳೆದುಕೊಂಡಿತ್ತು.

ಈಗ ಹರಕೆಯ ಕಥೆಗೆ ಬರೋಣ. ಮೊದಲ ರೋಗಿ ಸಿಕ್ಕಿದ್ದು ಆಗಸ್ಟ್ ನಡುವಿಗೆ. ಮಾತೆಯ ಬಾವುಟ ಏರುವುದು ಆಗಸ್ಟ್ ಕೊನೆಗೆ. ನಡುವೆ ಎರಡೇ ವಾರ. ಆ ವರ್ಷದ ಹಬ್ಬಕ್ಕೆ ಬ್ಲ್ಯಾಕ್‌ಪಲ್ಲಿಯ ಜನ ಯಾವ ಎದೆಯಿಂದ ಬಂದಿರಬಹುದು ಎಂದು ಹೇಳಲು ದಾಖಲೆ ಬೇಕಿಲ್ಲ. ಆದರೆ ಹಬ್ಬ ಮುಗಿದೊಡನೆ ರೋಗ ಇಳಿಯಲಿಲ್ಲ. ಮುಂದಿನ ತಿಂಗಳುಗಳಲ್ಲಿ ಸಾವು ಏರಿತು, ಆಮೇಲೂ ಎಷ್ಟೋ ವರ್ಷ ಪ್ಲೇಗು ಮರಳಿ ಮರಳಿ ಬಂತು. ಒಂದೇ ಒಂಬತ್ತು ದಿನಕ್ಕೆ ಮಾರಿ ಓಡಿತು ಎಂಬುದು ನೆನಪು ಮಾಡಿಕೊಂಡ ಸಂಕ್ಷೇಪ. ನಿಜವಾಗಿ ನಡೆದದ್ದು ಹೀಗಿರಬೇಕು: ಪ್ರತಿ ವರ್ಷ ಮಳೆಗಾಲದ ಕೊನೆಗೆ, ಈ ಸಲವೂ ಬರುತ್ತದೋ ಏನೋ ಎಂಬ ದಿಗಿಲು ಹುಟ್ಟುವ ಹೊತ್ತಿಗೆ ಸರಿಯಾಗಿ ಮಾತೆಯ ಹಬ್ಬ ಬರುತ್ತಿತ್ತು. ಬದುಕಿ ಉಳಿದವರು ಕಳೆದ ವರ್ಷದ ಹರಕೆ ತೀರಿಸಿ ಮುಂದಿನ ವರ್ಷಕ್ಕೆ ಹೊಸದನ್ನು ಹೊರುತ್ತಿದ್ದರು. ಹೀಗೆ ಹತ್ತಿಪ್ಪತ್ತು ವರ್ಷ ನಡೆದರೆ ಹಬ್ಬವೂ ಪ್ಲೇಗೂ ಜನಮನದಲ್ಲಿ ಒಂದಕ್ಕೊಂದು ಗಂಟುಬೀಳದೆ ಇರುತ್ತದೆಯೆ?

ಇಟಲಿಯ ವೆನಿಸ್‌ನಲ್ಲಿ ಇದರ ಜತೆ ಇಟ್ಟು ನೋಡಬೇಕಾದ ಚರ್ಚೊಂದಿದೆ. 1630ರ ಪ್ಲೇಗಿನಲ್ಲಿ ಅಲ್ಲಿನ ಸರ್ಕಾರವೇ ಮರಿಯಮ್ಮನಿಗೆ ಹರಕೆ ಹೊತ್ತಿತು, 1631ರಲ್ಲಿ ಅಡಿಗಲ್ಲು ಬಿತ್ತು, ಲೊಂಗೆನಾ ಎಂಬ ವಾಸ್ತುಶಿಲ್ಪಿ ಜೀವಮಾನವೆಲ್ಲ ದುಡಿದ, 1687ರಲ್ಲಿ ಸಾಂತಾ ಮರಿಯಾ ದೆಲ್ಲಾ ಸಲೂತೆ, ಅಂದರೆ ಆರೋಗ್ಯ ಮಾತೆಯ ಚರ್ಚು, ಪ್ರತಿಷ್ಠೆಯಾಯಿತು. ಈಗಲೂ ನವೆಂಬರ್ 21ಕ್ಕೆ ದೊಡ್ಡ ಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಸಿ ಜನ ನಡೆದು ಹೋಗುತ್ತಾರೆ. ಅಲ್ಲಿ ಹರಕೆ ಮೊದಲು, ಗುಡಿ ಆಮೇಲೆ, ಎಲ್ಲಕ್ಕೂ ಸರ್ಕಾರದ ಠರಾವು. ಬ್ಲ್ಯಾಕ್‌ಪಲ್ಲಿಯಲ್ಲಿ ಯಾವ ಠರಾವೂ ಇಲ್ಲ. ರೆಸಿಡೆಂಟರು ಸುಣ್ಣ ಹೊಡೆಸುತ್ತಿದ್ದರು, ಜನ ಮೇಣದಬತ್ತಿ ಹಚ್ಚುತ್ತಿದ್ದರು. ಹರಕೆ ಬಾಯಿಂದ ಬಾಯಿಗೆ ಬಂತು.

ಪ್ಲೇಗಿಗೆಂದೇ ಯುರೋಪಿನ ಕ್ರೈಸ್ತರಲ್ಲಿ ಬೇರೆ ಸಂತರಿದ್ದಾರೆ. ತೊಡೆಯ ಗಡ್ಡೆ ತೋರಿಸುತ್ತ ನಾಯಿಯೊಡನೆ ನಿಂತ ರೋಕ್, ಮೈತುಂಬ ಬಾಣ ನಾಟಿಸಿಕೊಂಡ ಸೆಬಾಸ್ಟಿಯನ್. ಫ್ರೆಂಚ್ ಪಾದ್ರಿಗಳಿಗೆ ಇಬ್ಬರೂ ಚೆನ್ನಾಗಿ ಗೊತ್ತಿದ್ದವರೇ. ಆದರೂ ದಂಡಿನ ಜನ ಹೋಗಿ ಬಿದ್ದದ್ದು ತಾಯಿಯ ಕಾಲಿಗೆ. ಇದು ಈ ನೆಲದ ರೂಢಿ. ಇಲ್ಲಿ ಊರುಗಟ್ಟಲೆ ಬರುವ ರೋಗಕ್ಕೆ ಒಡತಿ ಯಾವಾಗಲೂ ಅಮ್ಮ. ಸಿಡುಬಾದರೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು, ಬೇವು ಕಟ್ಟುತ್ತಿದ್ದರು, ತಂಪು ಎರೆಯುತ್ತಿದ್ದರು. ಚರ್ಚು ಇರುವ ಶಿವಾಜಿನಗರದಲ್ಲೇ ಮುತ್ಯಾಲಮ್ಮನ ಗುಡಿಯಿದೆ. ಪ್ಲೇಗು ಬಂದಾಗ ಹಳೆಯ ಅಮ್ಮಂದಿರ ಸಾಲಿಗೆ ಹೊಸಬಳೇ ಸೇರಿದಳು: ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳಾದವು, ಕೊಯಮತ್ತೂರಿನಲ್ಲಿ ಪ್ಲೇಗ್ ಮಾರಿಯಮ್ಮ ನೆಲೆಯಾದಳು. ಹಿಂದೂ ನೆರೆಯವರು ಒಬ್ಬ ಅಮ್ಮನ ಮುಂದೆ, ಕ್ರೈಸ್ತರು ಇನ್ನೊಬ್ಬ ಅಮ್ಮನ ಮುಂದೆ ನಿಂತರು. ಎಷ್ಟೋ ಮನೆಯವರು ಇಬ್ಬರ ಮುಂದೆಯೂ ನಿಂತರು. ಜೀವ ಹೋಗುತ್ತಿರುವಾಗ ಯಾರು ಯಾವ ಮತವೆಂದು ಲೆಕ್ಕ ಹಾಕುತ್ತಾರೆ?

ಶಿವಾಜಿನಗರದ ಮಾತೆಗೆ ಸೀರೆ ಉಡಿಸುವುದು, ಸೀರೆಯನ್ನು ಹರಕೆಯಾಗಿ ಒಪ್ಪಿಸುವುದು, ಸೆಪ್ಟೆಂಬರ್ 8ರ ಸಂಜೆ ಹೂವಿನ ತೇರಿನಲ್ಲಿ ಆಕೆಯನ್ನು ಬೀದಿಗೆ ತರುವುದು, ಇವೆಲ್ಲ ರೋಮಿನಿಂದ ಬಂದ ಆಚಾರಗಳಲ್ಲ. ಚರ್ಚಿನ ಹೊರಗೆ ಮೇಣದಲ್ಲಿ ಎರಕ ಹೊಯ್ದ ಕೈ, ಕಾಲು, ಮಗು, ಮನೆ ಮಾರುವ ಅಂಗಡಿಗಳಿವೆ. ಕೈ ನೋವಿದ್ದವರು ಮೇಣದ ಕೈ ಒಪ್ಪಿಸುತ್ತಾರೆ. ಶುದ್ಧ ದೈವಶಾಸ್ತ್ರ ಬಯಸುವವರಿಗೆ ಇದು ಕಸಿವಿಸಿ ಎನಿಸಬಹುದು. ಆದರೆ ಈ ಗುಡಿ ಬ್ಲ್ಯಾಕ್‌ಪಲ್ಲಿಯ ಎಲ್ಲರದೂ ಆಗಿ ಉಳಿದದ್ದು ಇಂಥ ಸಣ್ಣಪುಟ್ಟ ಆಚಾರಗಳಿಂದಲೇ, ಗಾಥಿಕ್ ಕಮಾನುಗಳಿಂದಲ್ಲ.

ಪ್ಲೇಗಿನ ಹೊತ್ತಿಗೆ ಮೈಸೂರಿನ ಬಿಷಪ್ ಆಗಿದ್ದವರು ಚರ್ಚು ಕಟ್ಟಿಸಿದ ಅದೇ ಕ್ಲೈನರ್. 1890ರಿಂದ 1910ರವರೆಗೆ ಅವರದೇ ಆಡಳಿತ. ತಾವು ಎಬ್ಬಿಸಿದ ಗೋಪುರದ ಕೆಳಗೆ ಊರು ಬರಿದಾಗುವುದನ್ನೂ, ಮತ್ತೆ ಜನ ಸೇರುವುದನ್ನೂ ಒಬ್ಬರೇ ಮನುಷ್ಯ ಕಂಡಂತಾಯಿತು. ಅವರ ಕಾಲದಲ್ಲೇ ಊರಿನ ಆಸ್ಪತ್ರೆಗಳಿಗೂ ಬೆಲೆ ಬಂತು. ಗುಡ್ ಶೆಫರ್ಡ್ ಸನ್ಯಾಸಿನಿಯರ ಸೇಂಟ್ ಮಾರ್ಥಾಸ್ 1886ರದು; ಪೇಟೆಯ ವಿಕ್ಟೋರಿಯಾ ಆಸ್ಪತ್ರೆಯನ್ನು ಲಾರ್ಡ್ ಕರ್ಜನ್ 1900ರಲ್ಲಿ ತೆರೆದ.

ಪ್ಲೇಗು ದಂಡಿನಲ್ಲಿ ಬಿಟ್ಟುಹೋದ ಇನ್ನೊಂದು ಗುರುತು ಚರ್ಚಿನಿಂದ ಒಂದೆರಡು ಮೈಲಿ ಈಶಾನ್ಯಕ್ಕಿದೆ. ಅದಕ್ಕೆ ಬಾವುಟವಿಲ್ಲ, ತೇರಿಲ್ಲ, ಯಾರೂ ಮೇಣದಬತ್ತಿ ಹಚ್ಚುವುದಿಲ್ಲ. ಅದು ಫ್ರೇಜರ್ ಟೌನ್.

ಬ್ಲ್ಯಾಕ್‌ಪಲ್ಲಿಯ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ನಡುವೆ ತೆರೆದ ಚರಂಡಿ, ಮನೆಯೊಳಗೇ ಧಾನ್ಯದ ಮೂಟೆ, ಮಣ್ಣಿನ ನೆಲದ ತುಂಬ ಬಿಲ. ಇಲಿಗೆ ಇದಕ್ಕಿಂತ ಒಳ್ಳೆಯ ಊರು ಬೇಕಿರಲಿಲ್ಲ. ಜನದಟ್ಟಣೆ ಕರಗಿಸದೆ ರೋಗ ಹೋಗದು ಎಂದು ತೀರ್ಮಾನಿಸಿದ ದಂಡಿನ ಮುನಿಸಿಪಾಲಿಟಿ ರೈಲು ಹಳಿಯಾಚೆಗೆ ಹೊಸ ಬಡಾವಣೆ ಹಾಕಿತು. 1906ರಲ್ಲಿ ಕೆಲಸ ಹಿಡಿದು 1910ರ ಹೊತ್ತಿಗೆ ಅದಕ್ಕೆ ಆಗಿನ ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರಿಟ್ಟರು. ಇದರ ಹಿಂದಿನ ತಲೆ ಜೆ. ಎಚ್. ಸ್ಟೀಫನ್ಸ್ ಎಂಬ ಮುನಿಸಿಪಲ್ ಎಂಜಿನಿಯರನದು. ಪ್ಲೇಗು ಹೊಗದಂತೆ ಊರು ಕಟ್ಟುವುದು ಹೇಗೆಂದು ಬೆಂಗಳೂರಿನ ಅನುಭವದಿಂದಲೇ ಆತ ಒಂದು ಪುಸ್ತಕ ಬರೆದ. ಅದು 1914ರಲ್ಲಿ ಅಚ್ಚಾಯಿತು.

ಸ್ಟೀಫನ್ಸನ ಸಿದ್ಧಾಂತವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಇಲಿಗೆ ಬಾಗಿಲು ಹಾಕು, ಗಾಳಿಗೆ ಬಾಗಿಲು ತೆರೆ. ತಳಪಾಯ ಕಲ್ಲಿನದು, ನೆಲ ಗಟ್ಟಿ ಗಾರೆಯದು, ಇಲಿ ಕೊರೆಯಲು ಎಲ್ಲೂ ಸಂದಿ ಇರಬಾರದು. ಮನೆಗೂ ಮನೆಗೂ ನಡುವೆ ಜಾಗ ಬಿಡಬೇಕು. ರಸ್ತೆ ನೇರವಾಗಿ, ಅಗಲವಾಗಿ ಇರಬೇಕು. ಮನೆಗಳ ಬೆನ್ನಿಗೆ ಕಸ ಸಾಗಿಸಲು ಓಣಿ ಬೇಕು. ಸರ್ಕಾರಿ ಎಂಜಿನಿಯರೊಬ್ಬ ಚಿಗಟದ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು ಬಡಾವಣೆಯನ್ನೇ ಔಷಧಿಯಂತೆ ತಯಾರಿಸಿದ್ದು ದೊಡ್ಡ ಸಾಹಸವೇ. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಪ್ಲೇಗಿಗೆ ಮೊದಲೇ ಯೋಜನೆಯಲ್ಲಿದ್ದರೂ ಜನ ಅಲ್ಲಿಗೆ ಗುಂಪಾಗಿ ಹೋದದ್ದು ಸಾವಿಗೆ ಹೆದರಿ. ಹಾಗೆ ನೋಡಿದರೆ ಬೆಂಗಳೂರಿಗರು ಹಳೆಯ ಬಡಾವಣೆ ಎಂದು ಹೆಮ್ಮೆಪಡುವ ಮರದ ನೆರಳಿನ ಅಗಲ ಬೀದಿಗಳಲ್ಲಿ ಅರ್ಧಕ್ಕರ್ಧ ಪ್ಲೇಗಿನ ಕೊಡುಗೆ.

ಆದರೆ ಒಂದು ಮಾತು. ಫ್ರೇಜರ್ ಟೌನಿನ ಸೈಟು ಕೊಳ್ಳಲು ಆಗದವರು ಬ್ಲ್ಯಾಕ್‌ಪಲ್ಲಿಯಲ್ಲೇ ಉಳಿದರು. ಗಾಳಿ ಬೆಳಕು ಕೈಯಲ್ಲಿ ಹಣವಿದ್ದವರಿಗೆ ಸಿಕ್ಕಿತು, ಉಳಿದವರಿಗೆ ಸಿಕ್ಕಿದ್ದು ಹರಕೆ. ಈ ಮಾತನ್ನು ಸ್ಟೀಫನ್ಸನ ಮೇಲಿನ ದೂರಾಗಿ ಹೇಳಬೇಕಿಲ್ಲ. ಮಾತೆಯ ಅಂಗಳದಲ್ಲಿ ಅಷ್ಟು ಜನ ಯಾಕೆ ಸೇರಿದರು ಎಂಬ ಪ್ರಶ್ನೆಗೆ ಭಕ್ತಿಯೊಂದೇ ಉತ್ತರವಾಗಲಾರದು ಎಂಬುದಷ್ಟೇ ಇಲ್ಲಿನ ತಕರಾರು.

ಫ್ರೇಜರ್ ಟೌನಿನ ಆಚೆ ಕುಕ್ ಟೌನ್, ಅದರಾಚೆ ಲಿಂಗರಾಜಪುರ, ಅಲ್ಲಿಂದ ಇನ್ನೊಂದು ರೈಲು ಹಳಿ ದಾಟಿದರೆ ಕಮ್ಮನಹಳ್ಳಿ. ಪ್ಲೇಗಿನ ಕಾಲಕ್ಕೆ ಅದು ದಂಡಿನ ಹೊರಗಿನ, ಹೊಲ ತೋಟಗಳ ಹಳ್ಳಿ. ದಂಡು ತನ್ನ ಜನರನ್ನು ಹೊರಹೊರಕ್ಕೆ ಚೆಲ್ಲುತ್ತ ಬಂದ ದಿಕ್ಕೇ ಇದು. ಪ್ಲೇಗು ತೆರೆದ ದಾರಿಯಲ್ಲಿ ನೂರು ವರ್ಷ ನಡೆದು ನಗರ ಕಮ್ಮನಹಳ್ಳಿಗೆ ಬಂದು ಮುಟ್ಟಿತು. ಇಂದು ಅಲ್ಲಿನ ಮುಖ್ಯರಸ್ತೆ ಬಟ್ಟೆ ಅಂಗಡಿ, ಹೋಟೆಲುಗಳಿಂದ ಕಿಕ್ಕಿರಿದಿದೆ. ತಮಿಳು, ಮಲೆಯಾಳ, ತೆಲುಗು, ಕನ್ನಡದ ಜತೆಗೆ ಈಶಾನ್ಯ ರಾಜ್ಯಗಳ ಮತ್ತು ಆಫ್ರಿಕಾದ ಭಾಷೆಗಳೂ ಅಲ್ಲಿ ಕಿವಿಗೆ ಬೀಳುತ್ತವೆ. ಕಮ್ಮನಹಳ್ಳಿಗೆ ತನ್ನದೇ ಸೇಂಟ್ ಪಯಸ್ ಚರ್ಚು ಇದೆ, ವರ್ಷವಿಡೀ ಜನ ಅಲ್ಲಿಗೆ ಹೋಗುತ್ತಾರೆ. ಸೆಪ್ಟೆಂಬರ್ ಬಂತೆಂದರೆ ಮಾತ್ರ ಶಿವಾಜಿನಗರ. ಅಜ್ಜಿಯ ಕಾಲದ ಹರಕೆ ಅಲ್ಲಿಯದು, ಅದನ್ನು ಹತ್ತಿರದ ಚರ್ಚಿಗೆ ವರ್ಗಾಯಿಸಲು ಯಾರಿಗೂ ಮನಸ್ಸಿಲ್ಲ.

ಚರ್ಚಿಗೆ ರೋಮಿನ ಮನ್ನಣೆ ಬಂದದ್ದು ಜನರ ಮನ್ನಣೆಗಿಂತ ಬಹಳ ತಡವಾಗಿ. 1974ರ ಜನವರಿ 26ರಂದು ಅದನ್ನು ಬೆಸಿಲಿಕಾ ಎಂದು ಸಾರಲಾಯಿತು. ಕರ್ನಾಟಕಕ್ಕೆ ಅದೇ ಮೊದಲನೆಯದು. 2016ರಲ್ಲಿ ಕಾರ್ಕಳದ ಅತ್ತೂರಿನ ಸೇಂಟ್ ಲಾರೆನ್ಸ್ ಚರ್ಚಿಗೆ ಆ ಪದವಿ ಸಿಗುವವರೆಗೆ ಅದೊಂದೇ ಇತ್ತು. ಒಳಗೆ ಪೂಜೆ ತಮಿಳು, ಕನ್ನಡ, ಇಂಗ್ಲಿಷಿನಲ್ಲಿ ನಡೆಯುತ್ತದೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಜಾಗದ ಬಗ್ಗೆ ದಶಕಗಳಿಂದ ನಡೆದ ಹೋರಾಟದ ಬಿಸಿ ದಂಡಿನ ಚರ್ಚುಗಳಿಗೂ ತಟ್ಟದೆ ಇರಲಿಲ್ಲ. ಸೆಂಜಿಯಿಂದ ಬಂದವರ ಗುಡಿಯಲ್ಲಿ ತಮಿಳು ಗಟ್ಟಿಯಾಗಿರುವುದು ಸಹಜ. ಗುಡಿ ನಿಂತ ನೆಲದ ನುಡಿ ತನ್ನ ಪಾಲು ಕೇಳುವುದೂ ಅಷ್ಟೇ ಸಹಜ.

2020ರಲ್ಲಿ ರೋಗ ಮತ್ತೆ ಬಂತು, ಈ ಸಲ 1898ರ ಕಥೆ ತಲೆಕೆಳಗಾಯಿತು. ಹಿಂದೆ ರೋಗ ಬಂತೆಂದು ಜನ ಚರ್ಚಿಗೆ ಓಡಿದ್ದರು. ಈಗ ರೋಗ ಬಂದಿದೆ, ಚರ್ಚಿಗೆ ಬರಬೇಡಿ ಎಂದು ಚರ್ಚಿನವರೇ ಕೇಳಿಕೊಂಡರು. ಕೊರೊನಾ ನಿರ್ಬಂಧದ ನಡುವೆ ಪ್ರಾರ್ಥನೆ ಮೊಬೈಲ್ ಪರದೆಗೆ ಬಂತು. ಕೊಯಮತ್ತೂರಿನ ಕಡೆ 2021ರಲ್ಲಿ ಕೊರೊನಾ ದೇವಿಗೇ ಒಂದು ಗುಡಿಯಾಯಿತು, ಪ್ಲೇಗ್ ಮಾರಿಯಮ್ಮನ ಊರಲ್ಲವೇ. ಶಿವಾಜಿನಗರದಲ್ಲಿ ಹೊಸ ಹೆಸರು ಬೇಕಾಗಲಿಲ್ಲ. ಆರೋಗ್ಯ ಮಾತೆ ಎಂಬ ಹಳೆಯ ಹೆಸರೇ ಸಾಕಾಯಿತು. ನಿರ್ಬಂಧ ಸಡಿಲಿದ ಮೇಲಿನ ಹಬ್ಬಗಳಿಗೆ ಜನ ಮತ್ತೆ ಹಳೆಯ ಲೆಕ್ಕಕ್ಕೇ ಸೇರಿದರು.

ಈಗಿನ ವಿವಾದ ಬೇರೆ. ಬೆಸಿಲಿಕಾದ ಹತ್ತಿರವೇ ನೆಲದಡಿಯಲ್ಲಿ ನಮ್ಮ ಮೆಟ್ರೊದ ಗುಲಾಬಿ ಮಾರ್ಗದ ನಿಲ್ದಾಣವಿದೆ. 2025ರ ಸೆಪ್ಟೆಂಬರ್ 8ರಂದು ಹಬ್ಬಕ್ಕೆ ಬಂದ ಮುಖ್ಯಮಂತ್ರಿ ಸಿದ್ದರಾಮಯ್ಯ, ಆ ನಿಲ್ದಾಣಕ್ಕೆ ಸೇಂಟ್ ಮೇರಿಯ ಹೆಸರಿಡಲು ಶಿಫಾರಸು ಮಾಡುವುದಾಗಿ ಆರ್ಚ್‌ಬಿಷಪ್ ಪೀಟರ್ ಮಚಾದೊ ಅವರಿಗೆ ಭರವಸೆ ಕೊಟ್ಟರು. ಮರುದಿನಗಳಲ್ಲೇ ವಿರೋಧ ಎದ್ದಿತು. ಶಿವಾಜಿಯ ಹೆಸರು ತೆಗೆಯುತ್ತಾರೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿ ಮುಂಬೈಯಿಂದ ಆಕ್ಷೇಪಿಸಿದರು. ಇಲ್ಲಿ ಕೆಲವರು ಶಂಕರ್ ನಾಗ್ ಹೆಸರಿಡಿ ಎಂದರು. ಬಿಳಿಅಕ್ಕಿಹಳ್ಳಿ ಎಂದೇ ಇಡಬಹುದಲ್ಲ ಎಂದು ಕೇಳುವವರು ಕಡಿಮೆ. ಗಲಾಟೆಯ ನಡುವೆ ಜನರಿಗೆ ಕೆಲಸಕ್ಕೆ ಬರುವ ಸಂಗತಿ ಒಂದೇ: ನಿಲ್ದಾಣದ ಬಾಗಿಲು ತೆರೆದ ಮೇಲಿನ ಹಬ್ಬಗಳಿಗೆ, ತೇರಿನ ಸಂಜೆ ಪೊಲೀಸರು ರಸೆಲ್ ಮಾರ್ಕೆಟ್ ಸುತ್ತಲಿನ ರಸ್ತೆ ಮುಚ್ಚಿದರೂ, ದೂರದ ಬಡಾವಣೆಗಳ ಹರಕೆಯವರು ನೆಲದಡಿಯಿಂದಲೇ ಬಂದು ಇಳಿಯಬಹುದು. ಕಮ್ಮನಹಳ್ಳಿಯವರಿಗೆ ಆ ಮಾರ್ಗ ಅಷ್ಟು ಹತ್ತಿರವಲ್ಲ. ಅವರು ಲಿಂಗರಾಜಪುರದ ಮೇಲುಸೇತುವೆ ಹತ್ತಿ, ಸ್ಟೀಫನ್ಸ್ ಎಳೆದ ನೇರ ಬೀದಿಗಳನ್ನು ಹಾದು, ನಡೆದೇ ಹೋಗುತ್ತಾರೆ.